ಪೊಲೀಸ್ ಠಾಣೆಯಲ್ಲಿ ಕಾಗದ ಕೇಳಿ ಪಡೆಯುವುದು ಹೇಗೆ: ಮುಂಬಯಿ ಕನ್ನಡಿಗರಿಗೊಂದು ಕಾನೂನು ಕೈಪಿಡಿ

ಠಾಣೆಯ ಮೆಟ್ಟಿಲು ಹತ್ತುವ ಪ್ರಸಂಗ ಬಂದರೆ ಮುಂಬಯಿಯ ಕನ್ನಡಿಗರು ಸಾಮಾನ್ಯವಾಗಿ ಮೊದಲು ಹುಡುಕುವುದು ಗುರುತಿನವರನ್ನು. ಸಂಘದ ಪದಾಧಿಕಾರಿಯೋ, ಆ ಭಾಗದಲ್ಲಿ ಹಲವು ವರ್ಷಗಳಿಂದ ಹೋಟೆಲು ನಡೆಸುತ್ತಿರುವ ಶೆಟ್ಟರೋ, ವಾರ್ಡಿನ ನಗರಸೇವಕರೋ ಸಾಹೇಬರಿಗೆ ಒಂದು ಫೋನು ಮಾಡಿಬಿಟ್ಟರೆ ಸಾಕು ಎಂಬ ನಂಬಿಕೆ ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಹಾಗೆ ಕೆಲಸ ಆಗುವುದೇ ಇಲ್ಲವೆಂದರೆ ಸುಳ್ಳಾದೀತು. ಆದರೆ ಫೋನಿನಲ್ಲಿ ಆದ ಮಾತಿಗೆ ದಾಖಲೆ ಇರುವುದಿಲ್ಲ. ಆ ಅಧಿಕಾರಿ ವರ್ಗವಾಗಿ ಹೋದ ಮೇಲೆ, ಅಥವಾ ಎದುರು ಪಕ್ಷದವರು ಇನ್ನೂ ದೊಡ್ಡವರಿಂದ ಫೋನು ಮಾಡಿಸಿದ ಮೇಲೆ, ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಪೊಲೀಸರು ಕಾನೂನಿಗೆ ಉತ್ತರ ಕೊಡುವಂತೆ ಮಾಡಲು ಮೇಲಧಿಕಾರಿ, ಮ್ಯಾಜಿಸ್ಟ್ರೇಟ್, ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗ, ಹೈಕೋರ್ಟು ಎಲ್ಲವೂ ಇವೆ, ಮತ್ತು ಇವುಗಳಲ್ಲಿ ಪ್ರತಿಯೊಂದೂ ಮೊದಲು ಕೇಳುವುದು ಹಿಂದಿನ ಹಂತದಲ್ಲಿ ಸಿಕ್ಕ ಕಾಗದವನ್ನು. ಆದ್ದರಿಂದ ಇಲ್ಲಿ ಹಕ್ಕುಗಳ ಪಟ್ಟಿಯನ್ನು ಒಪ್ಪಿಸುವುದಕ್ಕಿಂತ, ಯಾವ ಹಂತದಲ್ಲಿ ಯಾವ ಕಾಗದವನ್ನು ಯಾವ ಕಾನೂನಿನ ಬಲದಿಂದ ಕೇಳಬೇಕೆಂಬುದನ್ನು ಹೇಳಲು ಯತ್ನಿಸಿದ್ದೇನೆ.

ಮೊದಲಿಗೆ ಸಂಖ್ಯೆಗಳ ವಿಷಯ. 2024ರ ಜುಲೈ 1ರಿಂದ 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ, ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ ಜಾರಿಯಲ್ಲಿವೆ. ಠಾಣೆಗಳಲ್ಲಿ ಇಂದಿಗೂ 154, 41ಎ, 353 ಎಂಬ ಹಳೆಯ ಸಂಖ್ಯೆಗಳೇ ಬಾಯಲ್ಲಿ ಓಡಾಡುತ್ತವೆ. ಮಾತಿನಲ್ಲಿ ಅದು ನಡೆಯುತ್ತದೆ, ಅರ್ಜಿಯಲ್ಲಿ ಮಾತ್ರ ಹೊಸ ಸಂಖ್ಯೆಯನ್ನೇ ಬರೆಯಬೇಕು. ಮುಂದೆ ಬರಿಯ ‘ಕಲಂ’ ಎಂದಲ್ಲೆಲ್ಲ ಸುರಕ್ಷಾ ಸಂಹಿತೆಯ ಕಲಂ ಎಂದು ತಿಳಿಯಬೇಕು.

ಠಾಣೆ ಯಾವುದು

ನಮ್ಮವರು ದಿನವೂ ಎರಡು ಮೂರು ಪೊಲೀಸ್ ಆಯುಕ್ತಾಲಯಗಳನ್ನು ದಾಟಿ ಕೆಲಸಕ್ಕೆ ಹೋಗುವವರು. ದಹಿಸರ್ ಮತ್ತು ಮುಲುಂಡಿನವರೆಗೆ ಮುಂಬಯಿ ಪೊಲೀಸರ ಹದ್ದು. ಥಾಣೆ ಊರು, ಡೊಂಬಿವಲಿ, ಕಲ್ಯಾಣ್ ಇವು ಥಾಣೆ ನಗರದ ಆಯುಕ್ತಾಲಯಕ್ಕೆ ಸೇರಿದರೆ, ಮೀರಾರೋಡಿನಿಂದ ವಿರಾರಿನವರೆಗಿನ ಭಾಗಕ್ಕೆ 2020ರಲ್ಲಿ ಬೇರೆ ಆಯುಕ್ತಾಲಯವೇ ಆಗಿದೆ. ನವಿ ಮುಂಬಯಿಯದ್ದು ಮತ್ತೊಂದು. ಲೋಕಲ್ ರೈಲಿನಲ್ಲಿ ಮತ್ತು ಪ್ಲಾಟ್‌ಫಾರ್ಮಿನಲ್ಲಿ ನಡೆದ ಅಪರಾಧದ ತನಿಖೆ ರೈಲ್ವೆ ಪೊಲೀಸರದು, ಅಂದರೆ ಜಿಆರ್‌ಪಿಯದು. ‘ಇದು ನಮ್ಮ ಹದ್ದಿನಲ್ಲಿ ಬರುವುದಿಲ್ಲ, ಅಲ್ಲಿಗೆ ಹೋಗಿ’ ಎಂಬ ಮಾತು ಇಷ್ಟು ಹೆಚ್ಚಾಗಿ ಕೇಳಿಬರುವುದಕ್ಕೆ ಈ ಹಂಚಿಕೆಯೇ ಕಾರಣ.

ಕಾನೂನು ಈಗ ಆ ಮಾತಿಗೆ ಎಡೆ ಕೊಡುವುದಿಲ್ಲ. ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಗೆ ಮಾಹಿತಿ ಕೊಟ್ಟರೂ ಅದನ್ನು ದಾಖಲಿಸಿಕೊಳ್ಳಬೇಕೆಂದು ಕಲಂ 173 ಸ್ಪಷ್ಟವಾಗಿ ಹೇಳುತ್ತದೆ. ಹಾಗೆ ದಾಖಲಾದದ್ದನ್ನು ‘ಝೀರೋ ಎಫ್‌ಐಆರ್’ ಎನ್ನುತ್ತಾರೆ. ಸಂಬಂಧಪಟ್ಟ ಠಾಣೆಗೆ ಅದನ್ನು ಕಳುಹಿಸಿಕೊಡುವ ಹೊಣೆ ಪೊಲೀಸರದೇ ಹೊರತು ದೂರುದಾರನದಲ್ಲ. ಮಾಹಿತಿಯನ್ನು ಬಾಯಿಮಾತಿನಲ್ಲಿ ಕೊಡಬಹುದು, ಬರೆದು ಕೊಡಬಹುದು, ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಕಳುಹಿಸಬಹುದು. ಕೊನೆಯ ರೀತಿಯಲ್ಲಿ ಕಳುಹಿಸಿದರೆ 3 ದಿನಗಳೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಇಲ್ಲವಾದರೆ ಅದು ದಾಖಲಾಗುವುದಿಲ್ಲ.

ಎಫ್‌ಐಆರ್, ಎನ್‌ಸಿ ಮತ್ತು ‘ಮಿಸ್ಸಿಂಗ್’ ಚೀಟಿ

ಠಾಣೆಯಿಂದ ಹೊರಬರುವಾಗ ಕೈಯಲ್ಲಿರುವ ಕಾಗದ ಈ ಮೂರರಲ್ಲಿ ಯಾವುದೆಂದು ನೋಡಿಕೊಳ್ಳುವುದು ಅತ್ಯಂತ ಮುಖ್ಯವಾದ ಸಂಗತಿ, ಮತ್ತು ನಮ್ಮವರು ಹೆಚ್ಚಾಗಿ ಎಡವುವುದೂ ಇಲ್ಲಿಯೇ.

ಪೊಲೀಸರು ಕೋರ್ಟಿನ ಅನುಮತಿಯಿಲ್ಲದೆ ತನಿಖೆ ಮಾಡಬಹುದಾದ ಅಪರಾಧಗಳನ್ನು ಸಂಜ್ಞೇಯ ಅಪರಾಧಗಳು ಎನ್ನುತ್ತಾರೆ. ಇವುಗಳಿಗೆ ಎಫ್‌ಐಆರ್ ಆಗಬೇಕು. ದೂರಿನಿಂದ ಸಂಜ್ಞೇಯ ಅಪರಾಧ ಕಂಡುಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ, ಅದರಲ್ಲಿ ಅಧಿಕಾರಿಯ ಇಚ್ಛೆಗೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಹೊಸ ಸಂಹಿತೆಯು ಇದಕ್ಕೊಂದು ವಿನಾಯಿತಿ ಸೇರಿಸಿದೆ: 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯಿರುವ ಅಪರಾಧವಾದರೆ, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಪೂರ್ವಾನುಮತಿ ಪಡೆದು, 14 ದಿನಗಳೊಳಗೆ ಮುಗಿಯುವಂತೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಆದ್ದರಿಂದ ‘ಚೌಕಶಿ (ವಿಚಾರಣೆ) ನಡೆಯುತ್ತಿದೆ, ಆಮೇಲೆ ಬನ್ನಿ’ ಎಂದವರಿಗೆ ಅನುಮತಿ ಕೊಟ್ಟವರು ಯಾರು, ಯಾವ ದಿನಾಂಕದಂದು ಎಂದು ಲಿಖಿತವಾಗಿ ಕೇಳುವುದು ತಪ್ಪಲ್ಲ. ಬೈಗುಳ, ಸಣ್ಣ ಪುಟ್ಟ ಹೊಡೆದಾಟ ಮುಂತಾದ ಅಸಂಜ್ಞೇಯ ಅಪರಾಧಗಳಿಗೆ ಕಲಂ 174ರ ಪ್ರಕಾರ ಎನ್‌ಸಿ, ಅಂದರೆ ‘ನಾನ್ ಕಾಗ್ನಿಜೆಬಲ್’ ನಮೂದು ಆಗುತ್ತದೆ. ಎನ್‌ಸಿಯ ಮೇಲೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಆಗುವುದಿಲ್ಲ. ಹಾಗಾಗಿ ತಲೆ ಒಡೆದು ಹೊಲಿಗೆ ಹಾಕಿಸಿಕೊಂಡವನಿಗೆ ಎನ್‌ಸಿ ಬರೆದುಕೊಟ್ಟರೆ ಅದನ್ನು ಮಡಿಸಿ ಜೇಬಿಗಿಟ್ಟು ಬರಬಾರದು. ಆಸ್ಪತ್ರೆಯ ಕಾಗದವನ್ನು ತೋರಿಸಿ, ಗಾಯದ ಸ್ವರೂಪವನ್ನು ಬರೆಸಿ, ಎಫ್‌ಐಆರ್ ಯಾಕಿಲ್ಲ ಎಂದು ಅಲ್ಲಿಯೇ ಕೇಳಬೇಕು.

ಮೂರನೆಯದಾದ ‘ಮಿಸ್ಸಿಂಗ್’ ಚೀಟಿಯ ಕತೆ ಲೋಕಲ್ ರೈಲಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತಿರುವಂಥದ್ದು. ಡೊಂಬಿವಲಿಯಲ್ಲಿ ರೈಲು ಹತ್ತಿದ ಹೋಟೆಲ್ ಹುಡುಗನೊಬ್ಬ ದಾದರಿನಲ್ಲಿ ಇಳಿಯುವಾಗ ಜೇಬಿನಲ್ಲಿ ಫೋನಿಲ್ಲ. ಮೇಜಿನ ಆಚೆ ಕುಳಿತ ಹವಾಲ್ದಾರರ ಪ್ರಶ್ನೆ: “ಕದ್ದದ್ದನ್ನು ಕಣ್ಣಾರೆ ನೋಡಿದೆಯಾ?” ಹುಡುಗ ಇಲ್ಲವೆನ್ನುತ್ತಾನೆ. “ಹಾಗಾದರೆ ಕಳೆದುಹೋಯಿತೆಂದು ಬರೆದುಕೊಡು, ಹೊಸ ಸಿಮ್ಮಿಗೆ ಅಷ್ಟು ಸಾಕು.” ಹುಡುಗನಿಗೆ ಕೆಲಸಕ್ಕೆ ತಡವಾಗಿದೆ, ಹೇಳಿದಂತೆ ಬರೆದುಕೊಡುತ್ತಾನೆ, ಮುದ್ರೆಯೊತ್ತಿದ ಚೀಟಿಯೊಂದು ಸಿಗುತ್ತದೆ. ಸಿಮ್ಮೇನೋ ಬರುತ್ತದೆ. ಆದರೆ ಕಳ್ಳತನ ನಡೆದೇ ಇಲ್ಲವೆಂದು ಅವನೇ ಬರೆದುಕೊಟ್ಟಂತಾದುದರಿಂದ ತನಿಖೆಗೆ ಆಧಾರವಿಲ್ಲ, ಠಾಣೆಯ ಅಂಕಿಅಂಶದಲ್ಲಿ ಕಳವಿನ ಲೆಕ್ಕವೂ ಇಲ್ಲ. ಆ ಫೋನಿನಿಂದ ಯಾರಾದರೂ ಬ್ಯಾಂಕ್ ವಂಚನೆ ಮಾಡಿದರೆ ತನ್ನನ್ನು ಕಾಪಾಡಿಕೊಳ್ಳಲು ಅವನ ಬಳಿ ಇರುವುದು ‘ಎಲ್ಲೋ ಬಿದ್ದುಹೋಯಿತು’ ಎಂಬ ಅವನದೇ ಹೇಳಿಕೆ.

ಇಂಥ ಸಂದರ್ಭದಲ್ಲಿ ಹೇಳಬೇಕಾದ ಮಾತು ಸರಳವಾದುದು: “ರೈಲು ಹತ್ತುವಾಗ ಫೋನು ಜೇಬಿನಲ್ಲಿತ್ತು, ನೂಕುನುಗ್ಗಲಿನಲ್ಲಿ ಯಾರೋ ತೆಗೆದಿದ್ದಾರೆ, ಇದು ಕಳವು.” ಕದ್ದವನನ್ನು ನೋಡಿರಬೇಕೆಂಬ ನಿಯಮ ಯಾವ ಕಾನೂನಿನಲ್ಲಿಯೂ ಇಲ್ಲ, ಅಪರಿಚಿತ ಆರೋಪಿಯ ಮೇಲೆ ಎಫ್‌ಐಆರ್ ಆಗುವುದು ದಿನನಿತ್ಯದ ಸಂಗತಿ. ದೂರಿನಲ್ಲಿ ಫೋನಿನ ಬೆಲೆ, ಬಿಲ್ಲಿನ ವಿವರ ಮತ್ತು ಫೋನಿನ ಗುರುತು ಸಂಖ್ಯೆಯಾದ ಐಎಂಇಐ ಇರಲೇಬೇಕು. ಬೆಲೆಯನ್ನು ಬರೆಯುವುದಕ್ಕೆ ಈಗ ಇನ್ನೊಂದು ಕಾರಣವೂ ಉಂಟು: 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕೆಲವು ಬಗೆಯ ಕಳವುಗಳನ್ನು ಹೊಸ ಕಾನೂನು ಅಸಂಜ್ಞೇಯವೆಂದು ಬೇರೆ ಮಾಡಿದೆ, ಬೆಲೆ ಇಲ್ಲದ ದೂರು ಎನ್‌ಸಿಯ ಕಡೆಗೆ ಜಾರುವುದು ಸುಲಭ.

ಎಫ್‌ಐಆರ್ ಪ್ರತಿಯನ್ನು ದೂರುದಾರರಿಗಾಗಲಿ ಸಂತ್ರಸ್ತರಿಗಾಗಲಿ ಉಚಿತವಾಗಿ ಕೊಡಬೇಕು. ಜೆರಾಕ್ಸಿನ ಹಣವನ್ನೂ ಕೇಳುವಂತಿಲ್ಲ. ದೂರು ಕೊಟ್ಟ 90 ದಿನಗಳೊಳಗೆ ತನಿಖೆ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಸುವುದು ಕಲಂ 193ರ ಪ್ರಕಾರ ಪೊಲೀಸರ ಕರ್ತವ್ಯ.

ಮರಾಠಿಯಲ್ಲಿ ಬರೆದ ಜಬಾಬು (ಹೇಳಿಕೆ)

ಮಹಾರಾಷ್ಟ್ರದಲ್ಲಿ ಠಾಣೆಯ ಬರವಣಿಗೆಯೆಲ್ಲ ಮರಾಠಿಯಲ್ಲಿ ನಡೆಯುತ್ತದೆ, ಅದು ಸಹಜವೇ. ಇಲ್ಲಿಯೇ ಹುಟ್ಟಿ ಬೆಳೆದವರಿಗೆ ಇದರಿಂದ ತೊಂದರೆಯಿಲ್ಲ. ಊರಿನಿಂದ ಈಚೆಗೆ ಬಂದ ಕೆಲಸದ ಹುಡುಗರಿಗೆ, ಮನೆಯೊಳಗೇ ಉಳಿದ ಹಿರಿಯ ಹೆಂಗಸರಿಗೆ ಮತ್ತು ಮರಾಠಿ ಮಾತನಾಡಬಲ್ಲರೂ ಕೈಬರಹವನ್ನು ಓದಲಾರದ ನಮ್ಮ ಬಹುಮಂದಿಗೆ ಮಾತ್ರ ಇದು ದೊಡ್ಡ ಕಂದಕ. ಹಿಂದಿಯಲ್ಲಿ ಹೇಳಿದ್ದು ಮರಾಠಿಯಲ್ಲಿ ಇಳಿಯುವಾಗ ‘ನಾಲ್ಕು ಜನ ಹೊಡೆದರು’ ಎಂಬುದು ‘ಬಾಚಾಬಾಚಿ’ ಆಗಿರುತ್ತದೆ, ಅಂದರೆ ಬರಿಯ ಮಾತಿನ ಚಕಮಕಿ. ಗಾಯಾಳು ಅದಕ್ಕೇ ಸಹಿ ಹಾಕಿರುತ್ತಾನೆ.

ಬಾಯಿಮಾತಿನ ದೂರನ್ನು ಬರೆದುಕೊಂಡ ಅಧಿಕಾರಿ ಅದನ್ನು ದೂರುದಾರನಿಗೆ ಓದಿ ಹೇಳಬೇಕು, ಆಮೇಲೆ ಸಹಿ ಪಡೆಯಬೇಕು ಎಂದು ಕಲಂ 173ರಲ್ಲೇ ಇದೆ. ಓದಿ ಹೇಳಿದ್ದು ಅರ್ಥವಾಗುವ ಭಾಷೆಯಲ್ಲಿ ಇರಲಿ ಎಂದು ಪಟ್ಟು ಹಿಡಿಯಬೇಕು. ಮರಾಠಿ ಓದಬಲ್ಲ ಮಗನನ್ನೋ ಮಗಳನ್ನೋ ಪಕ್ಕದ ಮನೆಯವರನ್ನೋ ಜೊತೆಗೆ ಕರೆದೊಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಇನ್ನೂ ಉತ್ತಮವಾದ ಉಪಾಯವೆಂದರೆ ದೂರನ್ನು ಮನೆಯಲ್ಲೇ ಶಾಂತವಾಗಿ ಕುಳಿತು, ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಎರಡು ಪ್ರತಿ ಬರೆದು ಒಯ್ಯುವುದು. ದಿನಾಂಕ, ಗಂಟೆ, ಜಾಗ, ಏನಾಯಿತು, ಯಾರಿದ್ದರು, ಏನು ನಷ್ಟವಾಯಿತು ಎಂಬಿಷ್ಟು ಸಾಕು. ಪೂರ್ವಕಥೆ, ಎದುರು ಪಕ್ಷದವರ ನಡತೆಯ ವರ್ಣನೆ, ‘ಕಟ್ಟುನಿಟ್ಟಿನ ಕ್ರಮ ಕೈಗೊಂಡು’ ಎಂಬ ಉದ್ದನೆಯ ಪ್ರಾರ್ಥನೆ ಬೇಕಿಲ್ಲ. ಎರಡನೆಯ ಪ್ರತಿಯ ಮೇಲೆ ಠಾಣೆಯ ಮುದ್ರೆ, ದಿನಾಂಕ, ಗಂಟೆ, ಪಡೆದವರ ಸಹಿ ಮತ್ತು ಆವಕ್ ಸಂಖ್ಯೆ, ಅಂದರೆ ಸ್ವೀಕೃತಿ ಸಂಖ್ಯೆ ಬರಬೇಕು. ಇದನ್ನೇ ಇಲ್ಲಿ ‘ಪೋಚ್’ ಎನ್ನುತ್ತಾರೆ. ಮುದ್ರೆ ಮಸುಕಾಗಿ ಬಿದ್ದಿದ್ದರೆ ಮತ್ತೊಮ್ಮೆ ಒತ್ತಿಸಿಕೊಳ್ಳುವುದಕ್ಕೆ ಸಂಕೋಚ ಬೇಡ, ಮುಂದೆ ಮ್ಯಾಜಿಸ್ಟ್ರೇಟರು ಮೊದಲು ನೋಡುವುದು ಆ ಮುದ್ರೆಯ ದಿನಾಂಕವನ್ನೇ.

ಸಹಿಯ ವಿಷಯದಲ್ಲಿ ಇನ್ನೊಂದು ವ್ಯತ್ಯಾಸವುಂಟು. ಎಫ್‌ಐಆರ್‌ಗೆ ದೂರುದಾರರ ಸಹಿ ಬೇಕು. ತನಿಖೆಯ ವೇಳೆ ಸಾಕ್ಷಿಗಳಿಂದ ಬರೆದುಕೊಳ್ಳುವ ಜಬಾಬಿಗೆ ಸಹಿ ಪಡೆಯಕೂಡದು ಎಂದು ಕಲಂ 181 ಹೇಳುತ್ತದೆ. ಖಾಲಿ ಕಾಗದಕ್ಕಂತೂ ಯಾವ ಕಾರಣಕ್ಕೂ, ಯಾರು ಹೇಳಿದರೂ ಸಹಿ ಹಾಕಬಾರದು.

ದಾಖಲಿಸಲು ಒಪ್ಪದಿದ್ದರೆ

ಠಾಣೆಯ ಮುಖ್ಯಸ್ಥರಾದ ಸೀನಿಯರ್ ಇನ್‌ಸ್ಪೆಕ್ಟರ್ ಅವರನ್ನು ಒಮ್ಮೆ ನೇರವಾಗಿ ಕಾಣಬೇಕು. ಕೆಳಗೆ ಆಗದ ಕೆಲಸ ಅನೇಕ ವೇಳೆ ಅಲ್ಲಿ ಆಗುತ್ತದೆ. ಅಲ್ಲಿಯೂ ಆಗದಿದ್ದರೆ ಅದೇ ದೂರನ್ನು ಲಿಖಿತವಾಗಿ ಅಂಚೆಯ ಮೂಲಕ ಮೇಲಧಿಕಾರಿಗೆ ಕಳುಹಿಸಬೇಕೆಂದು ಕಲಂ 173(4) ಹೇಳುತ್ತದೆ. ಜಿಲ್ಲೆಗಳಲ್ಲಿ ಅವರು ಪೊಲೀಸ್ ಅಧೀಕ್ಷಕರು, ಮುಂಬಯಿಯಂಥ ಆಯುಕ್ತಾಲಯದಲ್ಲಿ ಆಯಾ ವಲಯದ ಡಿಸಿಪಿ. ಸ್ಪೀಡ್ ಪೋಸ್ಟಿನ ರಸೀದಿ ಮತ್ತು ತಲುಪಿದ್ದಕ್ಕೆ ಅಂಚೆ ಇಲಾಖೆಯ ಪುಟದ ಪ್ರಿಂಟು, ಇವೆರಡನ್ನೂ ಜೋಪಾನ ಮಾಡಬೇಕು. ಇ-ಮೇಲ್ ಕಳುಹಿಸಿದರೂ ಅಂಚೆಯನ್ನು ಬಿಡಬಾರದು.

ಅದರ ಮೇಲೂ ಏನೂ ಆಗದಿದ್ದರೆ ಕಲಂ 175(3)ರ ಅಡಿಯಲ್ಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಕಿಲ್ಲಾ ಕೋರ್ಟು, ಕುರ್ಲಾ, ಅಂಧೇರಿ, ಬೋರಿವಲಿ, ಮುಲುಂಡ್ ಹೀಗೆ ಠಾಣೆ ಯಾವ ಕೋರ್ಟಿಗೆ ಸೇರಿದೆಯೋ ಅಲ್ಲಿ ಸಲ್ಲಿಸಬೇಕು. ಪ್ರಮಾಣಪತ್ರ (ಅಫಿಡವಿಟ್) ಕಡ್ಡಾಯ, ಮತ್ತು ಠಾಣೆಗೆ ಹೋದದ್ದಕ್ಕೂ ಡಿಸಿಪಿಗೆ ಬರೆದದ್ದಕ್ಕೂ ಪುರಾವೆ ಲಗತ್ತಿಸಿರಬೇಕು. ಒಂದು ಮೆಟ್ಟಿಲನ್ನು ಹಾರಿ ಹೋದ ಅರ್ಜಿಗಳು ಅಷ್ಟಕ್ಕೇ ತಿರಸ್ಕೃತವಾಗುತ್ತವೆ. ಈ ಹಂತಕ್ಕೆ ವಕೀಲರಿರುವುದು ವಾಸಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಮತ್ತು ಬಂಧನದಲ್ಲಿರುವವರಿಗೆ ವರಮಾನ ಎಷ್ಟಿದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೊಟ್ಟಿದೆ. ಸಹಾಯವಾಣಿಯ ಸಂಖ್ಯೆ 15100.

ಲೈಂಗಿಕ ಅಪರಾಧಗಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅತ್ಯಾಚಾರದಂಥ ಅಪರಾಧದ ಮಾಹಿತಿಯನ್ನು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ ಕಲಂ 199ರಂತೆ 6 ತಿಂಗಳಿಗೆ ಕಡಿಮೆಯಿಲ್ಲದ, 2 ವರ್ಷದವರೆಗಿನ ಕಠಿಣ ಸೆರೆವಾಸವಿದೆ. ‘ಮನೆಯ ಮರ್ಯಾದೆ, ಕೂತು ಮಾತಾಡಿ ಮುಗಿಸಿ’ ಎಂದು ಠಾಣೆಯಲ್ಲಿ ಉಪದೇಶ ಕೊಡುವವರಿಗೆ ಈ ಕಲಮಿನ ನೆನಪು ಮಾಡುವುದು ಅಸಭ್ಯತೆಯಲ್ಲ.

ಠಾಣೆಯಿಂದ ಕರೆ ಬಂದಾಗ

‘ಸಾಹೇಬರು ಕರೆದಿದ್ದಾರೆ, ಹತ್ತು ನಿಮಿಷದ ಕೆಲಸ’ ಎಂಬ ಫೋನಿನ ಕರೆಗೆ ಕಾನೂನಿನ ಬಲವಿಲ್ಲ. ಸಾಕ್ಷಿಯಾಗಿ ಕರೆಯುವುದಾದರೆ ಕಲಂ 179ರ ಲಿಖಿತ ಆದೇಶ ಬೇಕು. 15 ವರ್ಷಕ್ಕಿಂತ ಕಿರಿಯರನ್ನು, 60 ದಾಟಿದವರನ್ನು, ಯಾವುದೇ ವಯಸ್ಸಿನ ಮಹಿಳೆಯರನ್ನು, ಅಂಗವಿಕಲರನ್ನು ಮತ್ತು ತೀವ್ರ ಕಾಯಿಲೆಯಿರುವವರನ್ನು ಅವರ ಮನೆಯಲ್ಲದೆ ಬೇರೆ ಕಡೆಗೆ ಬರಹೇಳುವಂತಿಲ್ಲ, ಅವರೇ ಇಷ್ಟಪಟ್ಟು ಹೋಗುವುದು ಬೇರೆ ಮಾತು. ಆರೋಪಿಯೆಂದು ಕರೆಯುವುದಾದರೆ, ಬಂಧನದ ಅಗತ್ಯವಿಲ್ಲದ ಪ್ರಕರಣಗಳಲ್ಲಿ, ಕಲಂ 35(3)ರ ನೋಟಿಸು ಕೊಡಬೇಕು. ಆ ನೋಟಿಸಿನಂತೆ ಹಾಜರಾಗುತ್ತಿರುವವರೆಗೆ, ಅಧಿಕಾರಿ ಕಾರಣಗಳನ್ನು ಬರೆದಿಡದೆ ಬಂಧಿಸುವಂತಿಲ್ಲ. 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು ವ್ಯಕ್ತಿಯು 60 ದಾಟಿದವರೋ ದುರ್ಬಲರೋ ಆಗಿದ್ದರೆ ಡಿವೈಎಸ್‌ಪಿ ದರ್ಜೆಯವರ ಪೂರ್ವಾನುಮತಿಯಿಲ್ಲದೆ ಬಂಧನವೇ ಇಲ್ಲ. ನೋಟಿಸು ಸಿಕ್ಕಿದ ಮೇಲೆ ಹೋಗದಿರುವುದು ಮಾತ್ರ ದೊಡ್ಡ ಅವಿವೇಕ. ಬಂಧನಕ್ಕೆ ಬೇಕಾದ ಕಾರಣವನ್ನು ನಾವೇ ಒದಗಿಸಿಕೊಟ್ಟಂತಾಗುತ್ತದೆ.

ಈ ನೋಟಿಸನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ ಜಾರಿಯಾದಂತಲ್ಲ ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ. ವೀಡಿಯೊ ಕರೆಯಲ್ಲಿ ಸಮವಸ್ತ್ರ ತೋರಿಸಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಉಳಿತಾಯವನ್ನು ದೋಚುತ್ತಿರುವ ಈ ಕಾಲದಲ್ಲಿ ಮನೆಯ ಹಿರಿಯರಿಗೆ ಇದೊಂದನ್ನು ಬಿಡಿಸಿ ಹೇಳಿಡುವುದು ಒಳಿತು: ಫೋನಿನಲ್ಲಿ ಬಂಧಿಸುವ ಕ್ರಮ ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಬಂಧನದ ಹೊತ್ತಿನಲ್ಲಿ

ಬಂಧಿಸುವ ಅಧಿಕಾರಿಯ ಹೆಸರು ಎದ್ದು ಕಾಣುವಂತಿರಬೇಕು. ಬಂಧನದ ಮೆಮೊ ತಯಾರಾಗಿ ಅದಕ್ಕೆ ಮನೆಯವರಲ್ಲೊಬ್ಬರೋ ಆ ಭಾಗದ ಗೌರವಸ್ಥರೊಬ್ಬರೋ ಸಾಕ್ಷಿ ಹಾಕಬೇಕು. ಬಂಧಿತನ ಸಹಿಯೂ ಇರಬೇಕು. ಅವನು ಹೇಳಿದವರಿಗೆ ಸುದ್ದಿ ಮುಟ್ಟಿಸಬೇಕು. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಿಧಿಸಿದ ಈ ನಿಯಮಗಳು ಇಂದು ಕಲಂ 36 ಮತ್ತು 48ರಲ್ಲಿ ಕಾನೂನೇ ಆಗಿವೆ. ವಿಚಾರಣೆಯ ಪೂರ್ತಿ ಹೊತ್ತು ಅಲ್ಲದಿದ್ದರೂ ಅದರ ನಡುವೆ ವಕೀಲರನ್ನು ಕಾಣಲು ಕಲಂ 38 ಅವಕಾಶ ಕೊಡುತ್ತದೆ. ಬಂಧನವಾದ ಕೂಡಲೇ ಕಲಂ 53ರಂತೆ ವೈದ್ಯಕೀಯ ತಪಾಸಣೆ ಆಗಬೇಕು. ವೈದ್ಯರ ಮುಂದೆ ಪೊಲೀಸರು ನಿಂತಿದ್ದರೂ ಹೊಡೆತ ಬಿದ್ದಿದ್ದರೆ ಅಲ್ಲಿಯೇ ಹೇಳಿ ಬರೆಸಬೇಕು, ಮರುದಿನ ಮ್ಯಾಜಿಸ್ಟ್ರೇಟರು ಕೇಳಿದಾಗಲೂ ಹೇಳಬೇಕು. ಅವೆರಡು ಕಡೆ ಸುಮ್ಮನಿದ್ದವನ ಮಾತನ್ನು ಆಮೇಲೆ ನಂಬಿಸುವುದು ಬಹಳ ಕಷ್ಟ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯರನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಮಹಿಳಾ ಅಧಿಕಾರಿಯೇ ಆ ಕೆಲಸ ಮಾಡಬೇಕು.

ಬಂಧನದ ಕಾರಣಗಳನ್ನು ತಿಳಿಸಬೇಕೆಂದು ಸಂವಿಧಾನದ 22ನೆಯ ವಿಧಿ ಮೊದಲಿನಿಂದಲೂ ಹೇಳುತ್ತಿತ್ತು. ಮಹಾರಾಷ್ಟ್ರದಿಂದಲೇ ಹೋದ ಪ್ರಕರಣವೊಂದರಲ್ಲಿ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಎಲ್ಲ ಬಗೆಯ ಅಪರಾಧಗಳಲ್ಲಿಯೂ ಆ ಕಾರಣಗಳನ್ನು ಬರವಣಿಗೆಯಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ಹೇಳಿದೆ. ಆ ಗಳಿಗೆಯಲ್ಲೇ ಬರೆದುಕೊಡಲು ಆಗದಿದ್ದರೆ ಬಾಯಿಯಿಂದ ತಿಳಿಸಿ, ರಿಮ್ಯಾಂಡಿಗೆ, ಅಂದರೆ ಕಸ್ಟಡಿಯ ಆದೇಶಕ್ಕಾಗಿ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯುವುದಕ್ಕೆ ಕನಿಷ್ಠ 2 ಗಂಟೆ ಮೊದಲು ಲಿಖಿತ ಪ್ರತಿ ಕೊಟ್ಟಿರಬೇಕು. ಮರಾಠಿ ಬಾರದ ಕನ್ನಡಿಗನ ಕೈಗೆ ಮರಾಠಿ ಕಾಗದ ಕೊಟ್ಟು ಕರ್ತವ್ಯ ಮುಗಿಯಿತೆನ್ನಲು ಇನ್ನು ಸಾಧ್ಯವಿಲ್ಲ. ಈ ನಗರದ ನಮ್ಮಂಥವರಿಗೆ ಈಚಿನ ವರ್ಷಗಳಲ್ಲಿ ಇದಕ್ಕಿಂತ ಉಪಯುಕ್ತವಾದ ತೀರ್ಪು ಬಂದಿಲ್ಲವೆಂದು ನನ್ನ ಅಭಿಪ್ರಾಯ.

ಮೆಮೊದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬಂಧನದ ಗಂಟೆ. 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ಕಲಂ 58ರ ನಿಯಮ. ಸಂಜೆ ಮನೆಯಿಂದ ‘ವಿಚಾರಣೆಗೆ’ ಕರೆದೊಯ್ದು, ರಾತ್ರಿಯೆಲ್ಲ ಬೆಂಚಿನ ಮೇಲೆ ಕೂರಿಸಿ, ಮರುದಿನ ಮಧ್ಯಾಹ್ನ ಬಂಧನವಾಯಿತೆಂದು ಬರೆದು, ಅಲ್ಲಿಂದ 24 ಗಂಟೆ ಎಣಿಸುವುದು ಹಳೆಯ ವರಸೆ. ಅಧಿಕಾರಿ ಬರೆದ ಗಂಟೆಗೆ ಬೆಲೆಯಿಲ್ಲ, ವ್ಯಕ್ತಿಯ ಸ್ವಾತಂತ್ರ್ಯವನ್ನು ತಡೆದ ಗಳಿಗೆಯಿಂದಲೇ ಬಂಧನ ಆರಂಭವಾಗುತ್ತದೆ ಎಂದು ಬಾಂಬೆ ಹೈಕೋರ್ಟು 1990ರಲ್ಲಿಯೇ ಹೇಳಿದೆ. ಆದರೆ ತಡೆದ ಗಳಿಗೆ ಯಾವುದೆಂದು ತೋರಿಸಬೇಕಾದವರು ಮನೆಯವರು. ಹಿಂದೆ ವಕೀಲರು ಇಂಥ ರಾತ್ರಿಗಳಲ್ಲಿ ತಾರ್ ಆಫೀಸಿಗೆ ಓಡಿ ಆಯುಕ್ತರಿಗೆ ತಂತಿ ಕೊಡುತ್ತಿದ್ದರು, ಗಂಟೆ ಮುದ್ರಿತವಾದ ಅದರ ರಸೀದಿಯೇ ಆಮೇಲೆ ಸಾಕ್ಷಿ. 2013ರಲ್ಲಿ ತಂತಿ ಸೇವೆ ನಿಂತಿತು. ಈಗ ಅದೇ ಕೆಲಸವನ್ನು ಡಿಸಿಪಿ ಮತ್ತು ಆಯುಕ್ತರ ಕಚೇರಿಗೆ ಕಳುಹಿಸುವ ಇ-ಮೇಲ್ ಮಾಡುತ್ತದೆ: ‘ಇಂಥವರನ್ನು, ಇಂಥ ಜಾಗದಿಂದ, ಇಂದು ಸಂಜೆ 7.40ಕ್ಕೆ, ಇಂಥ ಠಾಣೆಯವರು ಕರೆದೊಯ್ದಿದ್ದಾರೆ, ಕಾರಣ ತಿಳಿಸಿಲ್ಲ.’ ಮೂರು ಸಾಲು ಸಾಕು, ಆದರೆ ಆ ರಾತ್ರಿಯೇ ಹೋಗಬೇಕು. ಕಟ್ಟಡದ ಸಿಸಿಟಿವಿಯಲ್ಲಿ ಕರೆದೊಯ್ದದ್ದು ದಾಖಲಾಗಿದ್ದರೆ ಸೊಸೈಟಿಯವರಿಂದ ಅದನ್ನು ಅಳಿಸಿಹೋಗುವ ಮುನ್ನ ತೆಗೆದಿಟ್ಟುಕೊಳ್ಳಬೇಕು.

ಮನೆಯನ್ನೋ ಅಂಗಡಿಯನ್ನೋ ಶೋಧಿಸಲು ಬಂದರೆ, ಶೋಧನೆಯನ್ನು ಮತ್ತು ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಮಾಡುವುದನ್ನು ಧ್ವನಿ ಸಹಿತ ಚಿತ್ರೀಕರಿಸುವುದು ಕಲಂ 105ರಿಂದ ಕಡ್ಡಾಯವಾಗಿದೆ. ಪಂಚನಾಮೆಯ ಪಟ್ಟಿಯ ಪ್ರತಿಯನ್ನು ಕೇಳಿ ಪಡೆಯಬೇಕು.

ದೂರು ಪೊಲೀಸರ ಮೇಲೆಯೇ ಆದರೆ

ಠಾಣೆಯೊಳಗೆ ಹೊಡೆತ, ಬೈಗುಳ, ಅಕ್ರಮ ಬಂಧನ ಯಾವುದೇ ಆಗಿರಲಿ, ಮೊದಲು ಮಾಡಬೇಕಾದ ಕೆಲಸ ಸಿಸಿಟಿವಿಯ ದೃಶ್ಯವನ್ನು ಉಳಿಸಿಕೊಳ್ಳುವುದು. ಎಲ್ಲ ಠಾಣೆಗಳಲ್ಲೂ ಪ್ರವೇಶದ್ವಾರ, ಲಾಕಪ್ಪು, ಮೊಗಸಾಲೆ, ಅಧಿಕಾರಿಗಳ ಕೋಣೆ ಇವೆಲ್ಲ ಕಾಣುವಂತೆ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಅಷ್ಟು ಸಾಧ್ಯವಾಗದಿದ್ದರೆ ಕನಿಷ್ಠ 1 ವರ್ಷ ಇಟ್ಟಿರಬೇಕೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದೆ. ‘ಆ ದಿನ ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರವನ್ನು ನಾವೆಲ್ಲ ಕೇಳಿದ್ದೇವೆ. ಆದರೂ ದಿನಾಂಕ ಮತ್ತು ಗಂಟೆಯನ್ನು ನಮೂದಿಸಿ, ದೃಶ್ಯವನ್ನು ಕಾಯ್ದಿಡುವಂತೆ ಸೀನಿಯರ್ ಇನ್‌ಸ್ಪೆಕ್ಟರ್ ಮತ್ತು ಡಿಸಿಪಿ ಇಬ್ಬರಿಗೂ ಕೆಲವೇ ದಿನಗಳಲ್ಲಿ ಬರೆದುಬಿಟ್ಟರೆ, ಆಮೇಲೆ ಅದು ಇಲ್ಲವಾದುದಕ್ಕೆ ಕಾರಣ ಹೇಳುವ ಭಾರ ಅವರ ಮೇಲೆ ಬೀಳುತ್ತದೆ.

ನಾವೇ ಫೋನಿನಲ್ಲಿ ಚಿತ್ರೀಕರಿಸಬಹುದೇ? ಪೊಲೀಸ್ ಠಾಣೆಯು ಸರಕಾರಿ ರಹಸ್ಯ ಕಾಯ್ದೆಯ ‘ನಿಷಿದ್ಧ ಸ್ಥಳ’ವಲ್ಲ, ಅಲ್ಲಿ ಚಿತ್ರೀಕರಿಸಿದ ಮಾತ್ರಕ್ಕೆ ಆ ಕಾಯ್ದೆಯ ಅಪರಾಧವಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ತೀರ್ಪಿತ್ತಿದೆ. ಹಾಗೆಂದು ಅಧಿಕಾರಿಯ ಮುಖಕ್ಕೆ ಫೋನು ಹಿಡಿದು ಮೈಮೇಲೆ ಹೋಗುವುದು ಜಾಣತನವಲ್ಲ. ಕೈ ತಾಗಿದರೂ ಸರಕಾರಿ ಕೆಲಸಕ್ಕೆ ಬಲಪ್ರಯೋಗದಿಂದ ಅಡ್ಡಿಪಡಿಸಿದ ಆರೋಪ, ಅಂದರೆ ಜನ ಇಂದಿಗೂ ‘353’ ಎಂದು ಕರೆಯುವ, ಈಗ ನ್ಯಾಯ ಸಂಹಿತೆಯ 132ನೆಯ ಕಲಮು, ನಮ್ಮ ಮೇಲೆಯೇ ಬಂದೀತು.

ಪೊಲೀಸ್ ಸುಧಾರಣೆಯ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 2006ರ ಪ್ರಕಾಶ್ ಸಿಂಗ್ ತೀರ್ಪಿನ ಫಲವಾಗಿ ಮಹಾರಾಷ್ಟ್ರ ಪೊಲೀಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಬಂದಿದೆ. ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಗಳು ಇದರ ಅಧ್ಯಕ್ಷರು. ಕಸ್ಟಡಿಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರ, ಕ್ರಮ ತಪ್ಪಿದ ಬಂಧನ, ಸುಲಿಗೆ, ಭ್ರಷ್ಟಾಚಾರ, ಮನೆ ಜಮೀನು ಕಬಳಿಕೆ, ಅಧಿಕಾರದ ಗಂಭೀರ ದುರ್ಬಳಕೆ ಇವೆಲ್ಲ ಅದರ ವ್ಯಾಪ್ತಿಯಲ್ಲಿವೆ. ಅದು ಶಿಕ್ಷೆ ವಿಧಿಸುವ ಕೋರ್ಟಲ್ಲ, ವಿಚಾರಣೆ ನಡೆಸಿ ಸರಕಾರಕ್ಕೆ ವರದಿ ಕೊಡುತ್ತದೆ. ಆದರೆ ಸಾಕ್ಷಿಗಳನ್ನು ಮತ್ತು ಕಡತಗಳನ್ನು ತರಿಸಿಕೊಳ್ಳುವ ಸಿವಿಲ್ ಕೋರ್ಟಿನ ಅಧಿಕಾರ ಅದಕ್ಕಿದೆ. ಮಹಾರಾಷ್ಟ್ರ ರಾಜ್ಯ ಮಾನವ ಹಕ್ಕುಗಳ ಆಯೋಗದ ಕಚೇರಿ ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ಹಜಾರಿಮಲ್ ಸೋಮಾನಿ ಮಾರ್ಗದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ಘಟನೆ ನಡೆದ 1 ವರ್ಷದೊಳಗೆ ದೂರು ಕೊಡಬೇಕು. ದಿಲ್ಲಿಯ ರಾಷ್ಟ್ರೀಯ ಆಯೋಗಕ್ಕೆ ಕನ್ನಡದಲ್ಲಿಯೇ ಬರೆಯಬಹುದು, ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಲ್ಲೂ ಅದು ದೂರು ಸ್ವೀಕರಿಸುತ್ತದೆ. ಆದರೆ ರಾಜ್ಯ ಆಯೋಗದ ಮುಂದಿರುವ ವಿಷಯವನ್ನು ರಾಷ್ಟ್ರೀಯ ಆಯೋಗ ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಲಂಚ ಕೇಳಿದರೆ, ಕೊಡುವ ಮುನ್ನವೇ 1064ಕ್ಕೆ ಕರೆ ಮಾಡಿ ಭ್ರಷ್ಟಾಚಾರ ನಿಗ್ರಹ ದಳಕ್ಕೆ ತಿಳಿಸಬೇಕು. 2018ರ ತಿದ್ದುಪಡಿಯ ನಂತರ ಕೊಟ್ಟವನೂ ಅಪರಾಧಿಯೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನಗಳೊಳಗೆ ದೂರು ಕೊಟ್ಟವನಿಗಷ್ಟೇ ರಕ್ಷಣೆ. ‘ಏನೋ ಚಹಾಪಾಣಿಗೆ ಕೊಟ್ಟು ಮುಗಿಸೋಣ’ ಎನ್ನುವ ಹೋಟೆಲ್ ಮಾಲೀಕರು ಇದನ್ನು ಗಮನದಲ್ಲಿಡಬೇಕು.

ಕೊಟ್ಟ ದೂರು ಕಡತದಲ್ಲಿ ಮಲಗಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಿಂದ ಅದನ್ನು ಎಬ್ಬಿಸಬಹುದು. ಮಹಾರಾಷ್ಟ್ರದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಮಿತಿಯಲ್ಲಿರಬೇಕು, ಶುಲ್ಕ 10 ರೂಪಾಯಿ. ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಅದು ದಾಖಲೆಯಲ್ಲ. ‘ಇಂಥ ಆವಕ್ ಸಂಖ್ಯೆಯ ನನ್ನ ದೂರು ಯಾವ ದಿನ ಯಾವ ಅಧಿಕಾರಿಯ ಮೇಜಿಗೆ ಹೋಯಿತು, ಅವರು ಅದರ ಮೇಲೆ ಬರೆದ ಟಿಪ್ಪಣಿಯ ಪ್ರತಿ ಕೊಡಿ’ ಎಂದು ಕೇಳಬೇಕು. ಉತ್ತರಕ್ಕೆ 30 ದಿನ, ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ತನಿಖೆ ನಡೆಯುತ್ತಿದೆ ಎಂಬ ಕಾರಣವೊಂದನ್ನೇ ಹೇಳಿ ನಿರಾಕರಿಸಿದರೆ, ಮಾಹಿತಿ ಕೊಡುವುದರಿಂದ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕಾದವರು ಅವರೇ ಎಂದು ಬರೆದು, 30 ದಿನಗಳೊಳಗೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು.